ಬಸಂತರಾಯ ಊಟ ಮಾಡದೆ ಹೋದದ್ದು

ಸಿಂದಗಿ
24 ನವೆಂಬರ್ 2024

ಶ್ರೀ ಬಸಂತರಾಯ ಅವರಿಗೆ,

ಅಮೀನುದ್ದೀನನ ನಮಸ್ಕಾರಗಳು. ಇಂಡಿ–ಮುದ್ದೇಬಿಹಾಳ ಗಾಡಿಯಲ್ಲಿ ನಾನು ಡ್ರೈವರ್, ನೀವು ಕಂಡಕ್ಟರ್ ಆಗಿ ಹತ್ತೊಂಬತ್ತು ವರ್ಷ ದುಡಿದೆವು. ಅಂಥವರಿಗೆ ‘ಅವರಿಗೆ’ ಎಂದು ಬರೆಯುವಾಗ ಕೈ ತಡೆಯಿತು. ಆದರೂ ಬರೆದೆ. ಆರು ಸಲ ಫೋನ್ ಮಾಡಿದರೂ ನೀವು ಎತ್ತಲಿಲ್ಲ. ಅದಕ್ಕೇ ಈ ಚೀಟಿಯನ್ನು ತಾಂಬಾದ ಮೇಲೆ ಹೋಗುವ ನಮ್ಮ ಡ್ರೈವರ್ ಚಂದಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ಏನೂ ಹೇಳಿಲ್ಲ.

ಕಳೆದ ಸೋಮವಾರ ನನ್ನ ಮಗಳು ತರನ್ನುಮಳ ನಿಕಾಹ್‌ಗೆ ಬಂದಿರಿ. ಬಂದದ್ದಕ್ಕೆ ಸಂತೋಷ. ಆದರೆ ಮುಕ್ಕಾಲು ತಾಸು ಮೂಗು ಬಾಯಿಗೆ ಕರವಸ್ತ್ರ ಒತ್ತಿಕೊಂಡೇ ಕೂತಿರಿ. ನಾನೇ ತಾಟು ಹಿಡಿದುಕೊಂಡು ಬಂದರೆ ತಲೆ ಅಲ್ಲಾಡಿಸಿದಿರಿ. ನನ್ನ ಹೆಂಡತಿ ಜನ್ನತಬಿ ನೀರು ಕೊಟ್ಟಳು. ಗ್ಲಾಸು ತೆಗೆದುಕೊಂಡು ಪಕ್ಕದ ಕುರ್ಚಿಯ ಮೇಲಿಟ್ಟಿರಿ. ಒಂದು ಗುಟುಕೂ ಕುಡಿಯಲಿಲ್ಲ. ಆಮೇಲೆ ನೋಡಿದರೆ ನೀವಿಲ್ಲ, ಗ್ಲಾಸು ತುಂಬಿಯೇ ಇದೆ.

ಬೀಗರು ಮಲಿಕಸಾಬರು ಮುದ್ದೇಬಿಹಾಳದವರು, ಹೊಸ ಸಂಬಂಧ. ಅವರ ಎದುರಿಗೆ ‘ನನ್ನ ಅಣ್ಣತಮ್ಮಂದಿರಿಗಿಂತ ಹೆಚ್ಚು’ ಎಂದು ನಿಮ್ಮ ಪರಿಚಯ ಮಾಡಿಕೊಟ್ಟಿದ್ದೆ. ನೀವು ಹೋದ ಮೇಲೆ ಅವರು ಮೆಲ್ಲಗೆ ಕೇಳಿದರು: “ನಿಮ್ಮ ದೋಸ್ತರು ನಮ್ಮ ಮಂದಿ ನೀರೂ ಮುಟ್ಟಂಗಿಲ್ಲೇನ್ರಿ?”

ಇದಕ್ಕೆ ಉತ್ತರ ನೀವೇ ಕೊಡಿ.

ಅಮೀನುದ್ದೀನ


ತಾಂಬಾ
2 ಡಿಸೆಂಬರ್ 2024

ಅಮೀನುದ್ದೀನ,

ನಿನ್ನ ಚೀಟಿ ಮುಟ್ಟಿತು. ಅವತ್ತು ಕಾರ್ತಿಕ ಸೋಮವಾರ. ಈ ವರ್ಷದಿಂದ ಉಪವಾಸ ಹಿಡಿದಿದ್ದೇನೆ, ನೀರೂ ತೆಗೆದುಕೊಳ್ಳುವುದಿಲ್ಲ. ಮೊದಲೇ ಹೇಳಬೇಕಾಗಿತ್ತು. ಗದ್ದಲದಲ್ಲಿ ಆಗಲಿಲ್ಲ. ನೆಗಡಿಯೂ ಆಗಿತ್ತು, ಅದಕ್ಕೇ ಕರವಸ್ತ್ರ. ಫೋನು ಕೆಟ್ಟಿದೆ.

ತರನ್ನುಮಳಿಗೆ ನನ್ನ ಆಶೀರ್ವಾದ ಹೇಳು. ಭಾಬಿಯವರಿಗೆ ನಮಸ್ಕಾರ.

ಬಸಂತ


ಸಿಂದಗಿ
5 ಡಿಸೆಂಬರ್ 2024

ಬಸಂತರಾಯ ಅವರಿಗೆ,

ನೀವು ‘ನೀನು’ ಎಂದೇ ಬರೆದಿದ್ದೀರಿ. ನನಗೆ ಆಗುತ್ತಿಲ್ಲ.

ಎಷ್ಟು ಕಾರ್ತಿಕ ಸೋಮವಾರ ನಾವು ಬಾಗೇವಾಡಿ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ ಬುತ್ತಿ ಬಿಚ್ಚಿಲ್ಲ? ನನ್ನ ಡಬ್ಬಿಯ ತತ್ತಿ ಪಲ್ಯಕ್ಕೆ ನೀವೇ ಮೊದಲು ಕೈ ಹಾಕುತ್ತಿದ್ದಿರಿ. “ಪಾಪ ಬಂದ್ರ ಅರ್ಧ ನಿಂದು” ಎನ್ನುತ್ತಿದ್ದಿರಿ. ಅರವತ್ತೆರಡನೆಯ ವಯಸ್ಸಿಗೆ ದೇವರು ನೆನಪಾದರೆ ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಉಪವಾಸ ಹಿಡಿದವರು ಕರವಸ್ತ್ರದೊಳಗೆ ಮುಖ ಹಿಂಡುವುದಿಲ್ಲ. ಅಡುಗೆಯ ವಾಸನೆ ನಿಮಗೆ ಬೇಡವಾಗಿತ್ತು ಅನ್ನುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಈಗ ಕಾಲ ಹಾಗಿದೆ ಎಂದು ಜನ ಹೇಳುತ್ತಾರೆ. ಕಾಲ ನಮ್ಮ ಡಬ್ಬಿಯವರೆಗೆ ಬರುವುದಿಲ್ಲ ಎಂದುಕೊಂಡಿದ್ದೆ. ಜನ್ನತಬಿ ಮಾತ್ರ ಬೇರೆ ಹೇಳುತ್ತಾಳೆ: “ಆ ಮನಿಶಾ ಅಂಥಾವ ಅಲ್ರೀ. ಏನೋ ಆಗೇತಿ.” ನಾನು ಅವಳ ಮಾತು ಕೇಳಲಿಲ್ಲ.

ಇನ್ನು ಮುಂದೆ ನಾನಾಗಿ ಬರೆಯುವುದಿಲ್ಲ.

ಅಮೀನುದ್ದೀನ


ತಾಂಬಾ
29 ಡಿಸೆಂಬರ್ 2024

ಅಮೀನ,

ಮೂರು ವಾರದಿಂದ ಇದನ್ನು ಬರೆಯುತ್ತ ಹರಿಯುತ್ತ ಇದ್ದೇನೆ. ಇವತ್ತು ಹೆಂಡತಿ ರುಕ್ಮಿ ಕಾಗದ ತಂದು ಮುಂದಿಟ್ಟು, “ನೀವು ಬರೀದಿದ್ರ ನಾ ಹೋಗಿ ಹೇಳಿ ಬರ್ತೇನಿ” ಎಂದಳು. ಮದುವೆಗೆ ಅವಳು ಬರಲಿಲ್ಲವೆಂದು ಭಾಬಿ ಬೇಸರ ಮಾಡಿಕೊಂಡಿರಬಹುದು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ನಾನೇ ಬಿಟ್ಟು ಬಂದಿದ್ದೆ.

ಉಪವಾಸವೂ ಇಲ್ಲ, ನೆಗಡಿಯೂ ಇಲ್ಲ. ಏಪ್ರಿಲ್‌ನಲ್ಲಿ ನನ್ನ ಕುತ್ತಿಗೆಯಲ್ಲಿ ಗಂಟು ಬಂದಿತು. ಗಂಟಲಿನೊಳಗೆ ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಎಂದರು. ಮಗಳು ಭಾಗ್ಯಜ್ಯೋತಿಯ ಬಾಣಂತನಕ್ಕೆಂದು ಸೊಲ್ಲಾಪುರಕ್ಕೆ ಹೋಗಿದ್ದೇವೆ ಅಂತ ನಿನಗೆ ಹೇಳಿದ್ದೆನಲ್ಲ, ಆಗ ನನಗೆ ಅಲ್ಲಿ ಮೂವತ್ಮೂರು ಸಲ ಕರೆಂಟು, ಅಂದರೆ ರೇಡಿಯೇಶನ್, ಕೊಟ್ಟರು. ತರನ್ನುಮಳ ಸಂಬಂಧ ಗೊತ್ತಾದ ಹೊತ್ತು ಅದು. ನಿನಗೆ ಹೇಳಿದ್ದರೆ ನೀನು ಎಲ್ಲ ಬಿಟ್ಟು ಬಂದು ಸೊಲ್ಲಾಪುರದಲ್ಲಿ ಕೂರುತ್ತಿದ್ದೆ. ಮಗಳ ಮದುವೆ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆ.

ರೋಗ ಹೋಗಿದೆ ಎನ್ನುತ್ತಾರೆ ಡಾಕ್ಟರು. ಆದರೆ ಹೋಗುವಾಗ ನನ್ನ ಉಗುಳನ್ನೂ ತೆಗೆದುಕೊಂಡು ಹೋಯಿತು. ನಗಬೇಡ. ಟಿಕೆಟ್ ಹರಿಯಲು ಬೆರಳು ನಾಲಗೆಗೆ ಒತ್ತಿದಾಗಲೆಲ್ಲ ನೀನು ಕನ್ನಡಿಯಲ್ಲಿ ನೋಡಿ ಬಯ್ಯುತ್ತಿದ್ದೆಯಲ್ಲ, ಈಗ ಒಂದು ಟಿಕೆಟ್ ಹರಿಯುವಷ್ಟೂ ಪಸೆಯಿಲ್ಲ. ನಾಲಗೆ ಅಂಗುಳಕ್ಕೆ ಅಂಟುತ್ತದೆ. ಇರುವ ಉಗುಳೆಲ್ಲ ಗೋಂದಿನ ಹಾಗೆ ದಪ್ಪಗೆ ಗಂಟಲಲ್ಲಿ ನಿಲ್ಲುತ್ತದೆ. ನುಂಗಲು ಹೋದರೆ ಇಳಿಯುವುದಿಲ್ಲ, ಉಗುಳಲು ಹೋದರೆ ಎಳೆ ಎಳೆಯಾಗಿ ತುಟಿಯಿಂದ ಜೋತು ಬೀಳುತ್ತದೆ. ಬಾಯಿ ಒಣಗಿರುತ್ತದೆ, ತುಂಬಿಯೂ ಇರುತ್ತದೆ. ಯಾರಿಗೆ ಹೇಳಿದರೆ ತಿಳಿದೀತು? ನೀರು ಕುಡಿದರೆ ಉಸಿರಿನ ದಾರಿ ಹಿಡಿಯುತ್ತದೆ. ನಿಮ್ಮ ಪೆಂಡಾಲಿನಲ್ಲಿ ಆ ಗುಟುಕು ಕುಡಿದಿದ್ದರೆ ಹೊಸ ಬೀಗರ ಮೇಲೆಯೇ ಕೆಮ್ಮುತ್ತಿದ್ದೆ. ಕರವಸ್ತ್ರದೊಳಗೆ ಆ ಅಂಟನ್ನು ತೆಗೆಯುತ್ತಿದ್ದೆ. ಮೂರನೆಯ ಕರವಸ್ತ್ರವೂ ಮುಗಿದಾಗ ಎದ್ದು ಹೋದೆ.

ಫೋನು ಚೆನ್ನಾಗಿಯೇ ಇದೆ. ನನ್ನ ದನಿ ಕೇಳಿದರೆ ಕುಡಿದಿದ್ದೇನೆ ಅಂದುಕೊಳ್ಳುತ್ತೀಯ.

ನೀನು ಏನು ತಿಳಿದುಕೊಂಡಿದ್ದೀಯೋ ಅದು ನಿನ್ನ ಮೊದಲ ಚೀಟಿಯಲ್ಲೇ ಗೊತ್ತಾಯಿತು. ಆಗಲಾದರೂ ಹೇಳಬೇಕಿತ್ತು. ಹೊಲಸು ಬಾಯಿಯವನು ಎನಿಸಿಕೊಳ್ಳುವುದಕ್ಕಿಂತ ಉಪವಾಸದವನು ಎನಿಸಿಕೊಳ್ಳುವುದು ಸುಲಭವೆನಿಸಿತು. ನಿನಗೆ ಅದು ಎಲ್ಲಿ ನಾಟುತ್ತದೆ ಎಂದು ಯೋಚಿಸಲಿಲ್ಲ.

ಬಸಂತ


ಸಿಂದಗಿ
31 ಡಿಸೆಂಬರ್ 2024

ಬಸಂತಾ,

ನಾಳೆ ಒಂಬತ್ತರ ಗಾಡಿಗೆ ಬರುತ್ತಿದ್ದೇನೆ. ಬೇಡ ಎಂದು ಹೇಳಿ ಕಳಿಸಲು ಚಂದಪ್ಪನ ಗಾಡಿ ತಿರುಗಿ ಬರುವುದರೊಳಗೆ ನಾನು ನಿನ್ನ ಮನೆಯಲ್ಲಿರುತ್ತೇನೆ.

ಮಲಿಕಸಾಬರಿಗೆ ಫೋನ್ ಮಾಡಿ ಹೇಳಿದೆ. ಅವರು, “ನನ್ನ ಮಾತು ತಪ್ಪಾತ್ರಿ” ಎಂದರು.

ತಪ್ಪು ಅವರದಲ್ಲ.

ಅಮೀನ


ಸಿಂದಗಿ
20 ಜನವರಿ 2025

ಬಸಂತಾ,

ಇದನ್ನು ನೀನು ಯಾವಾಗ ಓದುತ್ತೀಯೋ ಗೊತ್ತಿಲ್ಲ. ನಿನಗೆ ನ್ಯುಮೋನಿಯಾ ಆಗಿ ರುಕ್ಮಿ ವೈನಿಯವರು ವಿಜಯಪುರದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಹದಿಮೂರನೆಯ ತಾರೀಖು ಚಂದಪ್ಪ ಹೇಳಿದ. ಎರಡು ಸಲ ಬಂದೆ. ಒಳಗೆ ಬಿಡಲಿಲ್ಲ, ಗಾಜಿನಿಂದ ನೋಡಿ ಬಂದೆ. ಆಕ್ಸಿಜನ್ ಹಾಕಿದ್ದರು. ವೈನಿಯವರ ಮುಖ ನೋಡುವ ಧೈರ್ಯ ಆಗಲಿಲ್ಲ.

ಒಂದನೆಯ ತಾರೀಖು ನಿಮ್ಮ ಮನೆಗೆ ಥರ್ಮಾಸಿನಲ್ಲಿ ಚಹಾ ತಂದವನು ನಾನು. “ಒಂದ ಗುಟುಕು ಕುಡಿಯಪಾ, ಗಂಟಲಾ ಹಸಿ ಆಗ್ತೈತಿ” ಎಂದವನು ನಾನು. ನೀನು ತಲೆ ಅಲ್ಲಾಡಿಸಿದೆ. ನಾನು ಮತ್ತೆ ಕಪ್ಪು ಮುಂದೆ ಹಿಡಿದೆ. ಮದುವೆಯಲ್ಲಿ ಬೇಡವೆಂದವನು ಇಲ್ಲೂ ಬೇಡವೆಂದರೆ ನಾನು ಏನು ತಿಳಿದುಕೊಂಡೇನೋ ಎಂದು ನೀನು ಕುಡಿದೆ. ಅದು ಆಗ ನನಗೆ ಹೊಳೆಯಲಿಲ್ಲ. ನೀನು ಕೆಮ್ಮಿದ ಕೆಮ್ಮು, ಬಣ್ಣ ಬದಲಾದ ನಿನ್ನ ಮುಖ, ವೈನಿ ಓಡಿ ಬಂದು ನಿನ್ನನ್ನು ಮುಂದಕ್ಕೆ ಬಾಗಿಸಿದ್ದು, ಅಷ್ಟರಲ್ಲೂ ನಾನು ಕಪ್ಪು ಹಿಡಿದೇ ನಿಂತಿದ್ದೆ. ಆಮೇಲೆ ನೀನು ಕಣ್ಣೊರೆಸಿಕೊಂಡು ನಕ್ಕೆ. ನಾನೂ ನಕ್ಕು ಬಂದೆ. ವಾರದೊಳಗೆ ಜ್ವರ.

ಮೂವತ್ತು ವರ್ಷ ಗಾಡಿ ಹೊಡೆದೆ. ಒಂದು ಕುರಿಗೂ ಪೆಟ್ಟು ಮಾಡಿದವನಲ್ಲ.

ಜನ್ನತಬಿ ದಿನಾ ನಿನ್ನ ಹೆಸರಿಗೆ ದುವಾ ಮಾಡುತ್ತಾಳೆ. ನಾನೂ ಮಾಡುತ್ತೇನೆ, ಆದರೆ ಮಧ್ಯೆ ಆ ಚಹಾದ ಕಪ್ಪು ಕಣ್ಣ ಮುಂದೆ ಬರುತ್ತದೆ.

ಅಮೀನ


ತಾಂಬಾ
6 ಫೆಬ್ರವರಿ 2025

ಅಮೀನ,

ಮನೆಗೆ ಬಂದು ಎಂಟು ದಿನವಾಯಿತು. ಬರೆಯಲು ಕೈಯಲ್ಲಿ ಶಕ್ತಿಯಿರಲಿಲ್ಲ, ಇವತ್ತು ಬಂದಿದೆ.

ಮೊದಲು ಚಹಾದ ವಿಷಯ. ಆಸ್ಪತ್ರೆಯಲ್ಲಿ ನುಂಗುವುದನ್ನು ಕಲಿಸುವ ಒಬ್ಬ ಹುಡುಗಿ ಇದ್ದಾರೆ, ಸುನೀತಾ ಅಂತ. ಮನಗೂಳಿಯವರು. ನನಗೆ ಎಚ್ಚರ ಬಂದ ಮೇಲೆ ಅವರ ಮುಂದೆ ರುಕ್ಮಿ ಎಲ್ಲ ಹೇಳಿದಳು. ನಿನ್ನ ಚಹಾವನ್ನೂ ಹೇಳಿದಳು. ಸುನೀತಾ ನನ್ನ ಬಾಯಿ ತೆರೆಸಿ, ಬ್ಯಾಟರಿ ಹಾಕಿ, ಒಂದು ಸಣ್ಣ ಕನ್ನಡಿ ಹಿಡಿದು ನನಗೇ ತೋರಿಸಿದರು. ಅಂಗುಳದ ಮೇಲೆ ಹಳದಿ ಹಕ್ಕಳೆ ಕಟ್ಟಿತ್ತು. “ಚಾದ ಮ್ಯಾಲಷ್ಟ ಹಾಕಬ್ಯಾಡ್ರಿ ಕಾಕಾ,” ಎಂದರು. “ಈ ಹೊಲಸು ದಿನಾ ಚೂರಚೂರ ಎದಿಗೆ ಇಳದೈತಿ. ಬಾಯಿ ತೊಳ್ಕೊಳ್ಳೂದು ಯಾವಾಗ ಬಿಟ್ರಿ?”

ನಾನು ರುಕ್ಮಿಯ ಕಡೆ ನೋಡಿದೆ. ಅವಳು ದಿನಾ ಉಪ್ಪುನೀರು ಮಾಡಿ ಬಚ್ಚಲಲ್ಲಿ ಇಡುತ್ತಿದ್ದಳು. ನಾನು ಅದನ್ನು ಮೋರಿಗೆ ಸುರಿದು ಬರುತ್ತಿದ್ದೆ. ಉರಿಯುತ್ತಿತ್ತು ನಿಜ. ಆದರೆ ಉರಿಗಾಗಿ ಅಲ್ಲ. ನಿನ್ನ ಎರಡನೆಯ ಚೀಟಿ ಬಂದ ಮೇಲೆ, ಇನ್ನು ಈ ಬಾಯಿ ಯಾರಿಗಾಗಿ ತೊಳೆಯಬೇಕು ಅನಿಸಿತು. ಇದನ್ನು ನಿನ್ನ ಮೇಲೆ ಹಾಕಲು ಬರೆಯುತ್ತಿಲ್ಲ. ಅಲ್ಲಿ ಹೇಳಿದೆ, ರುಕ್ಮಿ ಅತ್ತಳು. ನಿನಗೂ ಗೊತ್ತಿರಲಿ ಎಂದು ಬರೆದೆ, ಅಷ್ಟೇ. ಚಹಾ ಎಷ್ಟು ಕಾರಣ, ನಾನೆಷ್ಟು ಕಾರಣ ಎಂದು ಯಾರೂ ತೂಗಿ ಹೇಳಲಾರರು. ನೀನು ಆ ಕಪ್ಪನ್ನು ಕೆಳಗಿಡು.

ಈಗ ನನ್ನ ದಿನ ಹೇಗಿದೆ ಎಂದರೆ, ಡ್ಯೂಟಿಯ ಹಾಗೆಯೇ ಟೈಮಿಗೆ ಸರಿಯಾಗಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ. ಎರಡು ತಾಸಿಗೊಮ್ಮೆ ಬಾಯಲ್ಲಿ ಆಡಿಸಿ, ತಲೆ ಮುಂದೆ ಬಾಗಿಸಿ ಉಗುಳಬೇಕು. ಹಿಂದೆ ಬಾಗಿಸಿ ಗಳಗಳ ಮಾಡುವ ಹಾಗಿಲ್ಲ. ಊಟಕ್ಕೆ ಮೊದಲು ಮುಖಕ್ಕೆ ಕಟ್ಟುವ ಯಂತ್ರದಿಂದ ಉಪ್ಪುನೀರಿನ ಹಬೆ. ಅದು ಬಂದ ಮೇಲೆ ಆ ಗೋಂದು ಸ್ವಲ್ಪ ಸಡಿಲಾಗಿ ಹೊರಗೆ ಬರುತ್ತದೆ. ಮೆತ್ತನೆಯ ಬ್ರಶ್ಶು, ತುಟಿಗೆ ತುಪ್ಪ. ನೀರಿಗೂ ಒಂದು ಪುಡಿ ಹಾಕಿ ಗಂಜಿಯಷ್ಟು ದಪ್ಪ ಮಾಡಬೇಕು. ಅರ್ಧ ಚಮಚ ಬಾಯಿಗೆ, ಗದ್ದ ಎದೆಗೆ, ಒಂದಕ್ಕೆ ಎರಡು ಸಲ ನುಂಗಬೇಕು. ಇದು ನನ್ನ ಗಂಟಲನ್ನು ನೋಡಿ ಹೇಳಿದ್ದು, ಎಲ್ಲರಿಗೂ ಇದೇ ಅಲ್ಲವಂತೆ. ಒಂದು ಬಟ್ಟಲು ಗಂಜಿಗೆ ನಲವತ್ತು ನಿಮಿಷ. ಅಷ್ಟರಲ್ಲಿ ನಾವು ಸಿಂದಗಿಯಿಂದ ದೇವರ ಹಿಪ್ಪರಗಿ ದಾಟಿರುತ್ತಿದ್ದೆವು.

ಉಗುಳು ಮರಳಿ ಬರುತ್ತದೆಯೇ ಎಂದು ಕೇಳಿದೆ. “ಚೂರು ಬರಬಹುದು. ಮೊದಲಿನಂಗ ಆಗಂಗಿಲ್ರಿ” ಎಂದರು. ನೆಟ್ಟಗೆ ಹೇಳಿದ್ದು ಒಳ್ಳೆಯದಾಯಿತು.

ಬಸಂತ


ಸಿಂದಗಿ
10 ಮಾರ್ಚ್ 2025

ಬಸಂತಾ,

ರಂಜಾನಿನ ಒಂಬತ್ತನೆಯ ರೋಜಾ ನಡೆದಿದೆ. ಬಿಸಿಲು ಈಗಲೇ ಹೊತ್ತಿಕೊಂಡಿದೆ. ಮಧ್ಯಾಹ್ನ ಮೂರಕ್ಕೆ ನಾಲಗೆ ಅಂಗುಳಕ್ಕೆ ಅಂಟಿದಾಗ ನಿನ್ನ ನೆನಪಾಯಿತು. ಪ್ರತಿ ವರ್ಷ ರೋಜಾ ಹಿಡಿಯುತ್ತೇನೆ, ಬಾಯಿ ಒಣಗುವುದನ್ನು ಇಷ್ಟು ಗಮನಿಸಿರಲಿಲ್ಲ. ನನಗೆ ಸಂಜೆ ಮಸೀದಿಯಲ್ಲಿ ಬಾಂಗ್ ಆದ ಕೂಡಲೆ ಒಂದು ಗ್ಲಾಸು ನೀರಿಗೆ ಮುಗಿದುಹೋಗುತ್ತದೆ. ಮುಗಿದುಹೋಗುತ್ತದಲ್ಲ ಎಂದು ಮೊನ್ನೆ ನೀರು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತೆ. ಜನ್ನತಬಿ ಕೇಳಿದಳು, “ಯಾಕ್ರಿ, ಕುಡೀರಲ್ಲ.” ಕುಡಿದೆ.

ತಿಂಗಳ ಕೊನೆಗೆ ಈದ್. ನೀನು, ವೈನಿ ಬರಬೇಕು. ಸುರಕುಂಬಾ ನಿನಗೆ ಹೇಗೆ ಮಾಡಬೇಕೆಂದು ಜನ್ನತಬಿ ನೇರ ಸುನೀತಾ ಅವರಿಗೇ ಫೋನ್ ಮಾಡಿ ಕೇಳಿದ್ದಾಳೆ. ತೆಳ್ಳಗಿನ ಹಾಲಿನಲ್ಲಿ ಶಾವಿಗೆ, ಗೋಡಂಬಿ, ಒಣ ಖಾರೀಕು ಬೇರೆ ಬೇರೆಯಾಗಿ ತೇಲಿದರೆ ನಿನಗೆ ಅಪಾಯವಂತೆ. ಎಲ್ಲ ಸೇರಿಸಿ ನುಣ್ಣಗೆ ರುಬ್ಬಿ, ಸೋಸಿ, ಚಮಚದಲ್ಲಿ ನಿಲ್ಲುವಷ್ಟು ದಪ್ಪ ಮಾಡುತ್ತಾಳಂತೆ. ಈಗಾಗಲೇ ಎರಡು ಸಲ ಮಾಡಿ ನೋಡಿದ್ದಾಳೆ. ರೋಜಾ ಬಿಟ್ಟ ಮೇಲೆ ನಾನೇ ತಿಂದೆ. ನೋಡಲು ಚೆನ್ನಾಗಿಲ್ಲ, ರುಚಿ ಅದೇ ಇದೆ.

ತರನ್ನುಮ, ಅಳಿಯ, ಮಲಿಕಸಾಬರೂ ಬರುತ್ತಾರೆ.

ಅಮೀನ


ತಾಂಬಾ
18 ಮಾರ್ಚ್ 2025

ಅಮೀನ,

ಭಾಬಿಯವರಿಗೆ ಕೈ ಮುಗಿದೆ ಎಂದು ಹೇಳು. ಆದರೆ ಈದ್ ದಿನ ಬರುವುದಿಲ್ಲ.

ಸುಳ್ಳು ಕಾರಣ ಬರೆಯುವುದಿಲ್ಲ. ಊಟಕ್ಕೆ ಕೂತರೆ ಮಧ್ಯೆ ನಾಲ್ಕೈದು ಸಲ ಬಟ್ಟಲಿಗೆ ಉಗುಳಬೇಕು. ಎಳೆ ತುಂಡಾಗದಿದ್ದರೆ ಬೆರಳಿನಿಂದ ತೆಗೆಯಬೇಕು. ರುಕ್ಮಿ ನೋಡುತ್ತಾಳೆ, ನೀನೂ ನೋಡಬಹುದು. ಮಲಿಕಸಾಬರು ಹಬ್ಬದ ದಿನ ಅದನ್ನು ಯಾಕೆ ನೋಡಬೇಕು? ಒಂದು ವಾರ ಬಿಟ್ಟು ನೀವಿಬ್ಬರೇ ಇದ್ದಾಗ ಬರುತ್ತೇನೆ.

ಬಸಂತ


ಸಿಂದಗಿ
3 ಏಪ್ರಿಲ್ 2025

ಬಸಂತಾ,

ನೀನು ಬರುವುದಿಲ್ಲ ಎಂದ ಮೇಲೆ ನಾನು ಮತ್ತೆ ಕರೆಯಲಿಲ್ಲ. ಒಮ್ಮೆ ಒತ್ತಾಯ ಮಾಡಿದ್ದು ಸಾಕಾಗಿತ್ತು. ಅದಕ್ಕೇ ಈದ್ ದಿನ ಹನ್ನೊಂದರ ಗಾಡಿಯಿಂದ ನೀವಿಬ್ಬರೂ ಇಳಿದು ಬಂದಾಗ ನಾನು ಬರಿಗಾಲಲ್ಲೇ ಬೀದಿಗೆ ಓಡಿ ಬಂದೆ. “ನೀವು ಬರದಿದ್ರ ನಾ ಒಬ್ಬಾಕಿನ ಹೋಗ್ತೇನಿ ಅಂದೇರಿ. ಹಿಂದ ಬಂದ್ರು” ಎಂದು ವೈನಿ ನಕ್ಕರು. ನಾವು ಎಷ್ಟು ವರ್ಷ ಗಾಡಿ ನಡೆಸಿದರೂ ಅವರಷ್ಟು ಸಲೀಸಾಗಿ ನಡೆಸಲಿಲ್ಲ.

ನೀವು ಹೋದ ಮೇಲೆ ಆದದ್ದನ್ನು ತಿಳಿಸಲು ಬರೆಯುತ್ತಿದ್ದೇನೆ. ನೀನು ಸುರಕುಂಬಾ ತಿನ್ನುವಷ್ಟು ಹೊತ್ತೂ ಮಲಿಕಸಾಬರು ನಿನ್ನನ್ನೇ ನೋಡುತ್ತಿದ್ದರು. ನೀನು ಬಟ್ಟಲು ಎತ್ತಿದಾಗಲೂ ಕಣ್ಣು ತೆಗೆಯಲಿಲ್ಲ. ಅವರಿಗೆ ಅಸಹ್ಯವಾಗುತ್ತಿದೆ ಎಂದುಕೊಂಡು ನಿನ್ನನ್ನು ಒಳಕೋಣೆಗೆ ಕರೆಯಲು ನಾನು ಎದ್ದೇ ಬಿಟ್ಟಿದ್ದೆ. ಜನ್ನತಬಿ ಕಣ್ಣಲ್ಲೇ ಕೂರಿಸಿದಳು.

ನೀವು ಗಾಡಿ ಹತ್ತಿದ ಮೇಲೆ ಮಲಿಕಸಾಬರು ನನ್ನನ್ನು ಅಂಗಳಕ್ಕೆ ಕರೆದರು. ಅವರ ತಾಯಿ ಲಾಲಬಿ ಅವರಿಗೆ ಎಂಬತ್ತು ದಾಟಿದೆ, ಹೋದ ಮಳೆಗಾಲದಲ್ಲಿ ಲಕ್ವ ಹೊಡೆದು ಮಾತು ನಿಂತಿದೆ. ಮದುವೆಗೆ ಬಂದಿರಲಿಲ್ಲವಲ್ಲ, ಅವರೇ. “ಬಾಯಾಗ ಅಂಟು ತುಂಬಿರ್ತೈತ್ರಿ. ಏನ್ ಕೊಟ್ರೂ ಕೆಮ್ಮತಾಳ. ಈಗ ಹಲ್ಲು ಬಿಗಿ ಹಿಡದು ಬಾಯಿನ ತೆರ್ಯಾಂಗಿಲ್ಲ. ಹಟಾ ಮಾಡ್ತಾಳಂತ ನಾವು ಬೈತಿದ್ದಿವ್ರಿ,” ಎಂದರು. ಆಮೇಲೆ, “ನಿಮ್ಮ ದೋಸ್ತರು ಒಮ್ಮೆ ಬಂದು ನೋಡ್ತಾರೇನ್ರಿ? ನಾ ಅವರ ಬಗ್ಗೆ ಆಡಿದ ಮಾತಿಗೆ ನನಗ ಕೇಳಾಕ ಮುಖಾ ಇಲ್ಲ,” ಎಂದರು.

ನೀನು ಡಾಕ್ಟರಲ್ಲ ಎಂದು ಹೇಳಿದೆ. ವಿಜಯಪುರಕ್ಕೆ ಕರೆದೊಯ್ಯಲು ಹೇಳಿ ಸುನೀತಾ ಅವರ ನಂಬರು ಕೊಟ್ಟೆ. ಹದಿನಾರನೆಯ ತಾರೀಖು ಬರಲು ಹೇಳಿದ್ದಾರಂತೆ. ಆದರೆ ಬಾಯಿ ತೆರೆಯದ ಮುದುಕಿಯನ್ನು ಕರೆದೊಯ್ದು ಏನು ತೋರಿಸುವುದು ಎಂಬುದು ಅವರ ಚಿಂತೆ.

ಹೋಗು ಎಂದು ನಾನು ಹೇಳುವುದಿಲ್ಲ. ಕೇಳಿದ್ದನ್ನು ಮುಟ್ಟಿಸಿದ್ದೇನೆ.

ಅಮೀನ


ಮುದ್ದೇಬಿಹಾಳ
13 ಏಪ್ರಿಲ್ 2025, ಮಧ್ಯಾಹ್ನ

ಅಮೀನ,

ಮಲಿಕಸಾಬರ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ಲಾಲಬಿ ಅವರು ಒಳಗೆ ಮಲಗಿದ್ದಾರೆ. ತಲೆದಿಂಬಿಗೆ ಇನ್ನೆರಡು ಸೇರಿಸಿ ತಲೆ ಎತ್ತರ ಮಾಡಿಸಿದೆ.

ನಾನು ಬಂದಾಗ ಮಂಚದ ಸುತ್ತ ಏಳೆಂಟು ಜನ. ಒಬ್ಬರು ಗದ್ದ ಹಿಡಿದಿದ್ದಾರೆ, ಒಬ್ಬರು ಚಮಚ ಹಿಡಿದಿದ್ದಾರೆ, ಉಳಿದವರು “ಬಾಯಿ ತೆರಿಯಬೇ” ಎನ್ನುತ್ತಿದ್ದಾರೆ. ಮುದುಕಿ ಗೋಡೆಗೆ ಮುಖ ಮಾಡಿ ಹಲ್ಲು ಕಚ್ಚಿಕೊಂಡಿದ್ದರು. ತುಟಿಯ ಮೂಲೆಯಲ್ಲಿ ಬಿಳಿ ಎಳೆ ಒಣಗಿತ್ತು. ಅವರಿಗೆ ಹಟವಿರಲಿಲ್ಲ, ಅಮೀನ. ನಾಚಿಕೆಯಿತ್ತು, ಹೆದರಿಕೆಯಿತ್ತು. ಅದು ನನಗೆ ಬಾಗಿಲಲ್ಲೇ ಗೊತ್ತಾಯಿತು.

ಎಲ್ಲರನ್ನೂ ಹೊರಗೆ ಕಳಿಸಿದೆ. ತರನ್ನುಮ, ಮಲಿಕಸಾಬರು ಇಬ್ಬರೇ ಉಳಿದರು. ಲಾಲಬಿ ಅವರನ್ನು ನೆಟ್ಟಗೆ ಕೂರಿಸಿದೆವು. ಅವರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ನಾನು ಯಾರೋ ಅವರಿಗೆ ಗೊತ್ತಿಲ್ಲ, ಕಣ್ಣು ಬಿಟ್ಟು ನೋಡಿದರು. ಬಾಯಿ ತೆರೆಯಿರಿ ಎಂದು ಹೇಳಲು ನನಗೆ ಮನಸ್ಸಾಗಲಿಲ್ಲ. ತರನ್ನುಮಳ ಕೈಗೆ ಫೋನಿನ ಬ್ಯಾಟರಿ ಕೊಟ್ಟು, “ನನ್ನ ಬಾಯಾಗ ಹಿಡಿ ತಂಗಿ” ಎಂದೆ. ಅವಳು ಹಿಂದೆ ಮುಂದೆ ನೋಡಿದಳು. ನಾನು ಬಾಯಿ ಅಗಲಿಸಿದೆ. ಬೆಳಿಗ್ಗೆಯಿಂದ ಗಾಡಿಯಲ್ಲಿ ಬಂದು ಅದೂ ಅಂಟಾಗಿಯೇ ಇತ್ತು. “ನೋಡ್ರಿ ಅವ್ವಾ,” ಎಂದೆ, “ನಂದೂ ಹಿಂಗ ಐತಿ.”

ರುಕ್ಮಿಗೂ ಹಾಗೆ ನಾನಾಗಿ ತೋರಿಸಿದವನಲ್ಲ. ಬೀಗರ ಮನೆಯ ಸೊಸೆ ಬೆಳಕು ಹಿಡಿದಿದ್ದಾಳೆ, ಪಕ್ಕದಲ್ಲಿ ಮಲಿಕಸಾಬರು ನಿಂತಿದ್ದಾರೆ. ಆದರೂ ಬಾಯಿ ಮುಚ್ಚಲಿಲ್ಲ.

ಮುದುಕಿ ಬಹಳ ಹೊತ್ತು ನೋಡಿದರು. ಆಮೇಲೆ ಸರಿಯಿದ್ದ ಕೈಯನ್ನು ಎತ್ತಿ ನನ್ನ ಗದ್ದ ಮುಟ್ಟಿದರು. ಎಷ್ಟು ನೋವಾಗುತ್ತದೆ ಎಂದು ಕೇಳುವವರ ಹಾಗೆ.

ಆಮೇಲೆ ತಾವೂ ತೆರೆದರು.

ಹಿಂಡಿದ ಒದ್ದೆ ಬಟ್ಟೆಯಿಂದ ತರನ್ನುಮ ಒರೆಸಿದಳು. ಹೇಗೆಂದು ನಾನು ಹೇಳುತ್ತಿದ್ದೆ: ಒಳಗಿನಿಂದ ಹೊರಗೆ, ಮೆಲ್ಲಗೆ, ನೀರು ತೊಟ್ಟಿಕ್ಕಬಾರದು. ಹಕ್ಕಳೆ ಒಂದೇ ಸಲಕ್ಕೆ ಬರಲಿಲ್ಲ, ಅರ್ಧ ಬಂತು. ಒಂದು ಉದ್ದನೆಯ ಎಳೆ ಹೊರಬಂದಾಗ ಮುದುಕಿ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಮಲಿಕಸಾಬರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದರು. ಆ ಬಟ್ಟಲನ್ನು ಅವರೇ ಒಯ್ದು ತೊಳೆದು ತಂದರು.

ನುಂಗಲು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಅದನ್ನು ಬುಧವಾರ ಸುನೀತಾ ನೋಡಲಿ. ಅವರು ಹೇಳುವವರೆಗೆ ಮೇಲಿನಿಂದ ನೀರು ಸುರಿಯಬೇಡಿ ಎಂದು ಮನೆಮಂದಿಗೆಲ್ಲ ಹೇಳಿದ್ದೇನೆ. ಫೋನಿನಲ್ಲಿ ಸುನೀತಾ ಅವರಿಂದಲೂ ಹೇಳಿಸಿದೆ. ಅವರೊಂದಿಗೆ ನಾನೇ ಮಾತಾಡಿದೆ, ನನ್ನ ಇದೇ ದನಿಯಲ್ಲಿ.

ಸಂಜೆ ಗಾಡಿಗೆ ಹೊರಡಬೇಕೆಂದಿದ್ದೆ. ಮಲಿಕಸಾಬರು ಬಿಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನಾನೇ ಉಳಿಯುತ್ತೇನೆ ಎಂದೆ. ಲಾಲಬಿ ಅವರು ಸದ್ಯ ನನ್ನನ್ನು ನೋಡಿದರೆ ಮಾತ್ರ ಬಾಯಿ ತೆರೆಯುತ್ತಿದ್ದಾರೆ. ನಾಳೆಯಷ್ಟೊತ್ತಿಗೆ ತರನ್ನುಮಳಿಗೂ ತೆರೆಯಬಹುದು. ಹುಡುಗಿಯ ಕೈ ಹಗುರಾಗಿದೆ.

ನಾಲ್ಕಕ್ಕೆ ಮತ್ತೆ ಒರೆಸಬೇಕು. ಅವರು ಎದ್ದ ಸಪ್ಪಳ ಕೇಳುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಬಸಂತ